ಹದಿಮೂರು ಸೆಕೆಂಡಿನ ಓಟ, ಒಂಬತ್ತು ವರ್ಷದ ಓಟ

ನೀವು ನೋಡಿದ ಅತಿ ರೋಚಕ ಆಟ ಯಾವುದು? ಈ ಪ್ರಶ್ನೆಯನ್ನ ಯಾವ ಕ್ರೀಡಾಪ್ರೇಮಿಗೆ ಕೇಳಿದರೂ ಉತ್ತರ ರೆಡಿ ಇರುತ್ತೆ. ಒಬ್ಬರು 1983ರ ಲಾರ್ಡ್ಸ್ ಅಂತಾರೆ. ಇನ್ನೊಬ್ಬರು 2001ರ ಈಡನ್ ಗಾರ್ಡನ್ಸ್ ಅಂತಾರೆ, ಲಕ್ಷ್ಮಣ್ ಮತ್ತು ನಮ್ಮ ದ್ರಾವಿಡ್ ಒಂದಿಡೀ ದಿನ ಔಟಾಗದೆ ನಿಂತ ಆ ಟೆಸ್ಟು. ಸ್ವಲ್ಪ ಚಿಕ್ಕವರಾದರೆ 2011ರ ವಾಂಖೆಡೆ, ಧೋನಿಯ ಸಿಕ್ಸರ್.

ಒಪ್ಪೋಣ. ಎಲ್ಲವೂ ರೋಚಕವೇ. ಆದರೆ ನನ್ನ ಪಟ್ಟಿ ಬೇರೆ. ನನ್ನ ಪಟ್ಟಿಯಲ್ಲಿರೋ ಓಟಗಳು ನಡೆದಿದ್ದು ಹುಲ್ಲಿನ ಮೇಲಲ್ಲ, ಕೆಸರಿನಲ್ಲಿ. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ, ಈ ಮೂರು ತಾಲ್ಲೂಕಿನ ಆಸುಪಾಸಿನಲ್ಲಿ. ಒಂದೊಂದು ಓಟ ಮುಗಿಯೋದಕ್ಕೆ ಹದಿಮೂರು ಸೆಕೆಂಡ್ ಸಾಕು. ಒಂದು ಓಟ ಮಾತ್ರ ಒಂಬತ್ತು ವರ್ಷ ಹಿಡಿಯಿತು, ಅದು ಓಡಿದ್ದು ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ. ಇವತ್ತು ಕಂಬಳದ ಕಥೆ ಹೇಳ್ತೀನಿ. ಕೋಣಗಳ ಕಥೆಗಿಂತ ಹೆಚ್ಚಾಗಿ, ಒಂದು ಆಟವನ್ನ ಯಾವ ಅಳತೆಗೋಲಿನಿಂದ ಅಳೀಬೇಕು ಅನ್ನೋ ಕಥೆ.

ಮೊದಲು ಘಟ್ಟದ ಮೇಲಿನವರಿಗೆ ಎರಡು ಮಾತು. ಕಂಬಳ ಅಂದರೆ ನೀರು ನಿಲ್ಲಿಸಿದ ಕೆಸರಿನ ಓಟದ ದಾರಿಯಲ್ಲಿ ಜೋಡಿ ಕೋಣಗಳನ್ನು ಓಡಿಸೋದು, ಹಿಂದೆ ಒಬ್ಬ ಮನುಷ್ಯನೂ ಓಡೋದು. ಆ ಓಟದ ದಾರಿಗೆ 'ಕರೆ' ಅನ್ನುತ್ತಾರೆ. ಓಟ ಶುರುವಾಗೋ ತುದಿ 'ಗಂತು'. ಮುಗಿಯೋ ತುದಿ 'ಮಂಜೊಟ್ಟಿ'. ಈ ಮೂರು ಪದ ಗೊತ್ತಿದ್ದರೆ ಸಾಕು, ನೀವು ಅರ್ಧ ಕಂಬಳ ಬಲ್ಲವರು.

ಹಳೇ ಕಂಬಳಕ್ಕೆ ಓಟ ಮುಖ್ಯ ಆಗಿರಲಿಲ್ಲ. ಅದು ಬೇಸಾಯದ ಕ್ಯಾಲೆಂಡರಿನ ಒಂದು ದಿನ. ತುಳುನಾಡಿನ ಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ. ಮಳೆಗಾಲದ ಏಣೆಲು ಕೊಯ್ಲಾದ ಮೇಲೆ ಗುತ್ತಿನ ಮನೆಯ ದೊಡ್ಡ ಗದ್ದೆಯನ್ನು ಉತ್ತು ಹದ ಮಾಡಿ, ದೈವಕ್ಕೆ ನಡೆದುಕೊಂಡು, ಊರಿನ ಕೋಣಗಳನ್ನೆಲ್ಲ ಗದ್ದೆಗೆ ಇಳಿಸೋದು. ಕೆಲವು ಕಡೆ ಗದ್ದೆಯ ನಡುವೆ ಹೂವಿನಿಂದ ಸಿಂಗರಿಸಿದ ಕಂಬ ನೆಡುತ್ತಿದ್ದರು, ಅದಕ್ಕೆ ಪೂಕರೆ ಕಂಬಳ ಅಂತ ಹೆಸರು. ಗೆದ್ದ ಕೋಣದ ಯಜಮಾನನಿಗೆ ಸಿಗುತ್ತಿದ್ದದ್ದು ತೆಂಗಿನಕಾಯಿ, ಬಾಳೆಗೊನೆ. ಇವತ್ತಿನ ಹಾಗೆ ಪವನು ಲೆಕ್ಕದ ಚಿನ್ನ ಅಲ್ಲ.

ಈ ಹಳೆಯ ಚಿತ್ರ ಚೆನ್ನಾಗಿದೆ, ಅಲ್ವಾ? ಚೆನ್ನಾಗಿದೆ ಅಂತಲೇ ಅಲ್ಲಿಗೆ ನಿಲ್ಲಿಸಿಬಿಡೋರು ಬಹಳ ಜನ. ನಾನು ನಿಲ್ಲಿಸಲ್ಲ. ಅದೇ ಗದ್ದೆಯ ಅಂಚಿನಲ್ಲಿ ಕೊರಗ ಸಮುದಾಯದವರು ಇದ್ದರು. ಕಂಬಳದ ಹಿಂದಿನ ರಾತ್ರಿ ಚಳಿಯಲ್ಲಿ ಡೋಲು ಬಾರಿಸುತ್ತ ಎಚ್ಚರ ಕೂರುವ ಕೆಲಸ ಅವರದ್ದು. ಕೋಣ ಇಳಿಸೋ ಮೊದಲು ಕೆಸರಿನಲ್ಲಿ ಗಾಜು, ಮುಳ್ಳು ಇದೆಯಾ ಅಂತ ತಿಳಿಯೋದಕ್ಕೆ ಕೊರಗರನ್ನೇ ಓಡಿಸುತ್ತಿದ್ದರು. ಅಂದರೆ ಕೋಣದ ಕಾಲಿಗೆ ಇದ್ದ ಬೆಲೆ ಮನುಷ್ಯನ ಕಾಲಿಗೆ ಇರಲಿಲ್ಲ. ಇದಕ್ಕೆ ಅಜಲು ಪದ್ಧತಿ ಅಂತ ಹೆಸರು. ಕರ್ನಾಟಕ ಸರ್ಕಾರ ಕಾಯ್ದೆ ಮಾಡಿ ಇದನ್ನು ನಿಷೇಧಿಸಿದ್ದು 2000ದಲ್ಲಿ. ಹೌದು, ಇಪ್ಪತ್ತನೇ ಶತಮಾನ ಮುಗಿಯುವ ಹೊತ್ತಿಗೆ. ಸಂಪ್ರದಾಯವನ್ನು ಮುಟ್ಟಲೇಬಾರದು ಅನ್ನೋರಿಗೆ ನಾನು ಇದನ್ನೇ ನೆನಪಿಸ್ತೀನಿ. ಮುಟ್ಟಬೇಕಾದ್ದನ್ನು ಮುಟ್ಟಿದ್ದಕ್ಕೇ ಕಂಬಳ ಇವತ್ತು ತಲೆಯೆತ್ತಿ ನಿಂತಿದೆ.

ಇನ್ನೊಂದು ದೊಡ್ಡ ಬದಲಾವಣೆ 1970ರ ಸುಮಾರಿಗೆ ಬಂತು. ಕಾರ್ಕಳ ತಾಲ್ಲೂಕಿನ ಬಜಗೋಳಿಯಲ್ಲಿ ಹೊಸ ರೀತಿಯ ಕಂಬಳ ಶುರುವಾಯಿತು, ಜೋಡುಕರೆ ಕಂಬಳ. ಒಂದು ಕರೆಯ ಬದಲು ಅಕ್ಕಪಕ್ಕದಲ್ಲಿ ಎರಡು ಕರೆ. ಒಂದು ಜೋಡಿ ಕೋಣದ ಎದುರು ಇನ್ನೊಂದು ಜೋಡಿ. ಸೋತವರು ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ. ನೋಡಿ, ಇಷ್ಟು ಮಾಡಿದ ಕೂಡಲೇ ಬೇಸಾಯದ ಆಚರಣೆ ಕ್ರೀಡೆಯಾಗಿಬಿಟ್ಟಿತು. ಲೀಗ್ ಅನ್ನಿ, ನಾಕ್‌ಔಟ್ ಅನ್ನಿ, ಸೆಮಿಫೈನಲ್, ಫೈನಲ್ ಎಲ್ಲ ಬಂತು.

ಕಾಲವನ್ನೂ ಗಮನಿಸಿ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು, ಉಳುವವನೇ ಹೊಲದೊಡೆಯ. ದಕ್ಷಿಣ ಕನ್ನಡದಲ್ಲಿ ಇದು ಜೋರಾಗಿಯೇ ಜಾರಿಯಾಯಿತು. ಗುತ್ತಿನ ಮನೆಯ ಮೈಲುಗಟ್ಟಲೆ ಗದ್ದೆ ಒಕ್ಕಲುಗಳ ಕೈಗೆ ಹೋಯಿತು. ಆಮೇಲೆ ಗದ್ದೆಯೂ ಅಡಿಕೆ ತೋಟವಾಯಿತು, ರಬ್ಬರ್ ತೋಟವಾಯಿತು. ಗದ್ದೆ ಹೋದ ಮೇಲೆ ಕಂಬಳ ಹೋಗಬೇಕಿತ್ತು ತಾನೇ? ಹೋಗಲಿಲ್ಲ. ಒಬ್ಬ ಯಜಮಾನನ ಗದ್ದೆಯಿಂದ ಎದ್ದು ಊರಿನ ಸಮಿತಿಯ ಕರೆಗೆ ಬಂದು ಕೂತಿತು. ಇವತ್ತು ಬಹುತೇಕ ಜೋಡುಕರೆಗಳಲ್ಲಿ ಭತ್ತ ಬೆಳೆಯೋದಿಲ್ಲ, ಅವು ಓಟಕ್ಕೆ ಅಂತಲೇ ಮಾಡಿದ ಕರೆಗಳು.

ಆ ಕರೆಗಳ ಹೆಸರು ಕೇಳಿದರೆ ನನಗೆ ಪ್ರತಿ ಸಲ ಖುಷಿಯಾಗುತ್ತೆ. ಸಾವಿರ ಕಂಬದ ಬಸದಿಯ ಊರು ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ. 1604ರ ಬಾಹುಬಲಿ ನಿಂತಿರುವ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ ಸೂರ್ಯ-ಚಂದ್ರ. ಬಂಟ್ವಾಳ ತಾಲ್ಲೂಕಿನ ಕಕ್ಯಪದವಿನಲ್ಲಿ ಸತ್ಯ-ಧರ್ಮ, ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ. ಎರಡು ಕರೆಗೆ ಎರಡು ಹೆಸರು. ಕೋಟಿ ಕರೆ ಗೆದ್ದರೆ ಸೋತದ್ದು ಯಾರು? ಚೆನ್ನಯ. ಅವಳಿ ತಮ್ಮ. ಸತ್ಯ ಗೆದ್ದರೆ ಸೋತದ್ದು ಧರ್ಮ, ಸುಳ್ಳಲ್ಲ. ಸೋತವರನ್ನು ಶತ್ರು ಮಾಡದ ಹೆಸರುಗಳಿವು. ಟಿವಿಯಲ್ಲಿ ಎಲ್ಲ ಪಂದ್ಯಕ್ಕೂ 'ಮಹಾಯುದ್ಧ' ಅಂತ ಹೆಸರಿಡೋ ನಮ್ಮಂಥವರು ಇದನ್ನ ಕಲೀಬೇಕು.

ಈಗ ನನ್ನ ಪಟ್ಟಿಯ ಮೊದಲ ಓಟಕ್ಕೆ ಬರ್ತೀನಿ.

2020ರ ಫೆಬ್ರವರಿ 1. ಜಾಗ ಮೂಡುಬಿದಿರೆಗೆ ಹತ್ತಿರದ ಐಕಳ, ಕಾಂತಾಬಾರೆ-ಬೂದಾಬಾರೆ ಕಂಬಳ. ಓಡಿದವರು ಮೂಡುಬಿದಿರೆ ಬಳಿಯ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡ. 28ರ ವಯಸ್ಸು, ಹೊಟ್ಟೆಪಾಡಿಗೆ ಕಟ್ಟಡ ಕೆಲಸ. 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಕರೆಯ ಬದಿಯಲ್ಲಿದ್ದವರು ಕೇಕೆ ಹಾಕಿದರು, ಮನೆಗೆ ಹೋದರು. ಅಲ್ಲಿಗೆ ಮುಗೀಬೇಕಿತ್ತು.

ಯಾರೋ ಕ್ಯಾಲ್ಕುಲೇಟರ್ ತೆಗೆದರು. 100 ಮೀಟರಿಗೆ ಭಾಗಿಸಿದರು. 9.55 ಅಂತ ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಆಯ್ತಲ್ಲ! ದೇಶದ ತುಂಬ ಒಂದೇ ಸುದ್ದಿ, ಬೋಲ್ಟ್‌ನನ್ನು ಮೀರಿಸಿದ ಕರಾವಳಿಯ ಹುಡುಗ. ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ವೀಟ್ ಮಾಡಿ, ಕ್ರೀಡಾ ಪ್ರಾಧಿಕಾರದ ಕೋಚ್‌ಗಳ ಮುಂದೆ ಟ್ರಯಲ್ಸ್ ಮಾಡಿಸ್ತೀವಿ ಅಂದರು. ಮುಖ್ಯಮಂತ್ರಿ ಯಡಿಯೂರಪ್ಪ ಕರೆಸಿ ಸನ್ಮಾನ ಮಾಡಿ 3 ಲಕ್ಷ ರೂಪಾಯಿ ಕೊಟ್ಟರು.

ಎರಡು ವಾರ ಕಳೆಯಿತು. ವೇಣೂರಿನ ಸೂರ್ಯ-ಚಂದ್ರ ಕಂಬಳ. ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿಬಿಟ್ಟರು! ಅರ್ಧ ಮೀಟರ್ ಜಾಸ್ತಿ ದೂರ, ಸೆಕೆಂಡಿನ ನೂರನೇ ಒಂದು ಭಾಗ ಕಡಿಮೆ ಸಮಯ. ಸಿನಿಮಾದಲ್ಲಿ ಹೀಗೆ ಬರೆದರೆ ನಾವು ನಂಬೋದಿಲ್ಲ. ಮರುವರ್ಷ, 2021ರ ಮಾರ್ಚ್‌ನಲ್ಲಿ, ಬಂಟ್ವಾಳ ತಾಲ್ಲೂಕಿನ ಕಕ್ಯಪದವಿನ ಸತ್ಯ-ಧರ್ಮ ಕರೆಯಲ್ಲಿ ಮತ್ತೆ ಶ್ರೀನಿವಾಸ ಗೌಡರು. ಈ ಸಲ 100 ಮೀಟರಿನ ಲೆಕ್ಕಕ್ಕೆ 8.78 ಸೆಕೆಂಡ್. ಒಂದು ವರ್ಷಕ್ಕಿಂತ ತುಸು ಹೆಚ್ಚು ಸಮಯದಲ್ಲಿ ಮೂರು ದಾಖಲೆಯ ಸುದ್ದಿ, ಎಲ್ಲವೂ ಒಂದು ಬಸ್ ಪ್ರಯಾಣದ ಅಂತರದಲ್ಲಿ.

ಹಾಗಾದರೆ ಬೋಲ್ಟ್ ಸೋತನಾ? ಇಲ್ಲ ಸ್ವಾಮಿ. ಇಲ್ಲಿ ಒಂದು ಲೆಕ್ಕ ಇದೆ, ನಿಧಾನವಾಗಿ ನೋಡೋಣ.

100 ಮೀಟರ್ ಓಟದಲ್ಲಿ ಮನುಷ್ಯ ನಿಂತಲ್ಲಿಂದ ಶುರು ಮಾಡ್ತಾನೆ. ಆ ಮೊದಲ ಕೆಲವು ಮೀಟರಿಗೆ ಹೆಚ್ಚು ಸಮಯ ಹೋಗುತ್ತೆ. ವೇಗ ಹತ್ತಿದ ಮೇಲೆ ಉಳಿದದ್ದು ಸರಸರ. ದೂರ ಜಾಸ್ತಿಯಾದಷ್ಟೂ ಶುರುವಿನ ಆ ನಷ್ಟ ಹಂಚಿಹೋಗಿ ಸರಾಸರಿ ಚೆನ್ನಾಗಿ ಕಾಣುತ್ತೆ. ಆದ್ದರಿಂದ 142.5 ಮೀಟರಿನ ಓಟವನ್ನು ಭಾಗಿಸಿ 100 ಮೀಟರಿನ ದಾಖಲೆ ಪಕ್ಕ ಇಡೋದು ಸರಿಯಲ್ಲ. ಹೋಲಿಸಲೇಬೇಕಾದರೆ ಬೋಲ್ಟ್‌ನ ಇನ್ನೊಂದು ಓಟ ಇದೆ. 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ನಗರದ ರಸ್ತೆಯಲ್ಲಿ ಹಾಕಿದ ನೇರ ಟ್ರ್ಯಾಕಿನಲ್ಲಿ ಆತ 150 ಮೀಟರ್ ಓಡಿದ. 14.35 ಸೆಕೆಂಡ್. ಅದರ ಕೊನೆಯ 100 ಮೀಟರ್ 8.70. ಆ ವೇಗದಲ್ಲಿ ಕೊನೆಯ ಏಳೂವರೆ ಮೀಟರಿನ ಸಮಯ ಕಳೆದರೆ, 142.5 ಮೀಟರ್ ಹತ್ತಿರ ಬೋಲ್ಟ್ ಸುಮಾರು 13.7 ಸೆಕೆಂಡಿನಲ್ಲಿ ಇದ್ದ. ನಮ್ಮವರದ್ದು 13.62. ಅಂದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಡೆ!

ಹೇಗೆ ಸಾಧ್ಯ? ಕೋಣಗಳಿಂದ. ನೊಗಕ್ಕೆ ಕಟ್ಟಿದ ಹಗ್ಗ ಓಟಗಾರನ ಕೈಯಲ್ಲಿರುತ್ತೆ. ಮುಂದೆ ಎರಡು ಕೋಣಗಳ ಬಲ, ಹಿಂದೆ ಇವನು. ಅವು ಎಳೀತವೆ, ಇವನು ಎಳೆಸಿಕೊಳ್ತಾನೆ. ಅಯ್ಯೋ, ಎಳೆಸಿಕೊಳ್ಳೋದು ಸುಲಭ ಅಂದುಕೊಳ್ಳಬೇಡಿ. ಮೊಣಕಾಲವರೆಗೆ ಏಳೋ ಕೆಸರು, ಮುಖಕ್ಕೆ ರಾಚೋ ನೀರು, ಬರಿಗಾಲು. ಒಂದು ಹೆಜ್ಜೆ ತಪ್ಪಿದರೆ ಮನುಷ್ಯ ಕೆಸರಿನಲ್ಲಿ, ಹಗ್ಗ ಗಾಳಿಯಲ್ಲಿ. ಕೋಣದ ವೇಗಕ್ಕೆ ತನ್ನ ಕಾಲನ್ನು ಹೊಂದಿಸೋದೇ ಅಲ್ಲಿನ ವಿದ್ಯೆ.

ಈ ಗದ್ದಲದಲ್ಲಿ ಎಲ್ಲರಿಗಿಂತ ಸರಿಯಾಗಿ ಮಾತಾಡಿದ್ದು ಯಾರು ಗೊತ್ತಾ? ಶ್ರೀನಿವಾಸ ಗೌಡರೇ. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರುಗದ್ದೆಯಲ್ಲಿ ಓಡುವವನು ಅಂದರು. ಕಂಬಳದಲ್ಲಿ ಹಿಮ್ಮಡಿ ಊರಿ ಓಡಬೇಕು, ಟ್ರ್ಯಾಕಿನಲ್ಲಿ ಬೆರಳ ತುದಿಯಲ್ಲಿ ಓಡಬೇಕು, ಎರಡೂ ಬೇರೆ ಅಂದರು. ಟ್ರಯಲ್ಸ್ ಬೇಡ ಅಂದರು. ಆಗ ಎಷ್ಟು ಜನ ಬೇಜಾರು ಮಾಡಿಕೊಂಡರು! ಒಲಿಂಪಿಕ್ಸ್ ಪದಕ ಕೈತಪ್ಪಿತಂತೆ. ನನಗೆ ಮಾತ್ರ ಅವರ ಓಟಕ್ಕಿಂತ ಈ ಉತ್ತರ ಹೆಚ್ಚು ಇಷ್ಟವಾಯಿತು. ತನ್ನ ಆಟ ಯಾವುದು ಅಂತ ಗೊತ್ತಿರೋ ಮನುಷ್ಯನ ಮಾತು ಅದು. ಇನ್ನೊಂದು ಕೆಟ್ಟ ಪ್ರಶ್ನೆಯನ್ನೂ ಆ ಉತ್ತರ ಬಯಲು ಮಾಡಿತು. ಬೋಲ್ಟ್ ಹೆಸರು ಸೇರೋವರೆಗೆ ನಮ್ಮ ಕಣ್ಣಿಗೆ ಆ ಓಟಗಾರ ಕಾಣಲೇ ಇಲ್ಲ ಯಾಕೆ?

ಸೆಕೆಂಡಿನ ಲೆಕ್ಕವೇ ಇಲ್ಲದ ಓಟವೂ ಕಂಬಳದಲ್ಲಿದೆ. ನನ್ನ ಪಟ್ಟಿಯಲ್ಲಿ ಅದಕ್ಕೂ ಮೇಲಿನ ಜಾಗ.

ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಅಂತ ವಿಭಾಗಗಳಿವೆ. ಹಗ್ಗ, ನೇಗಿಲಿನಲ್ಲಿ ಹಿರಿಯ, ಕಿರಿಯ ಅಂತ ಮತ್ತೆ ಎರಡು. ಮೊದಲ ಮೂರರಲ್ಲಿ ಬೇಗ ಮುಟ್ಟಿದವರು ಗೆದ್ದರು. ಕನೆಹಲಗೆ ಹಾಗಲ್ಲ. ಕೋಣಗಳು ಒಂದು ಮರದ ಹಲಗೆಯನ್ನು ಎಳೆದುಕೊಂಡು ಓಡುತ್ತವೆ. ಹಲಗೆಯಲ್ಲಿ ತೂತು. ಓಟಗಾರ ಆ ಹಲಗೆಯ ಮೇಲೆ ಕಾಲೂರಿ ನಿಲ್ಲಬೇಕು. ವೇಗ ಹೆಚ್ಚಾದಂತೆ ತೂತಿನಿಂದ ನೀರು ಕಾರಂಜಿಯ ಹಾಗೆ ಮೇಲಕ್ಕೆ ಚಿಮ್ಮುತ್ತೆ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಬಟ್ಟೆ ಕಟ್ಟಿರುತ್ತಾರೆ, ಅದೇ 'ನಿಶಾನೆ'. ಆರೂವರೆ ಕೋಲು ಎತ್ತರಕ್ಕೊಂದು, ಏಳೂವರೆ ಕೋಲಿಗೊಂದು. ಕೋಲು ಅನ್ನೋದು ಅಲ್ಲಿನ ಹಳೆಯ ಅಳತೆ. ನೀರು ನಿಶಾನೆಗೆ ತಾಗಿದರೆ ಗೆಲುವು.

ಇದನ್ನ ನೋಡೋದು ಅಂದರೆ ಏನು ಹೇಳಲಿ! ಸಾವಿರಾರು ಜನ ಕೋಣವನ್ನೂ ನೋಡಲ್ಲ, ಮನುಷ್ಯನನ್ನೂ ನೋಡಲ್ಲ. ಎಲ್ಲರ ಕಣ್ಣೂ ಮೇಲೆ, ಆ ಬಟ್ಟೆಯ ಮೇಲೆ. ಒಣ ಬಟ್ಟೆ ಒದ್ದೆಯಾಯಿತಾ, ಇಲ್ಲವಾ? ಇಲ್ಲಿ ಎದುರಾಳಿಯನ್ನು ಸೋಲಿಸೋದೇ ಇಲ್ಲ. ಎತ್ತರವನ್ನು ಗೆಲ್ಲಬೇಕು. ವೇಗ, ಸಮತೋಲನ, ಹಲಗೆಯ ಮೇಲೆ ಮೈ ಭಾರ ಹಾಕೋ ಹದ, ಎಲ್ಲ ಕೂಡಿದರೆ ಮಾತ್ರ ನೀರು ಅಷ್ಟು ಮೇಲೇಳುತ್ತೆ. ಇದನ್ನ ಯಾವ ಬೋಲ್ಟ್‌ಗೆ ಹೋಲಿಸ್ತೀರಿ? ಜಗತ್ತಿನಲ್ಲಿ ಹೋಲಿಕೆ ಸಿಗದ ಆಟ, ಅದಕ್ಕೇ ಸುದ್ದಿ ಆಗಲ್ಲ.

ಈಗ ಆ ಒಂಬತ್ತು ವರ್ಷದ ಓಟ.

2014ರ ಮೇ 7ರಂದು ಸುಪ್ರೀಂ ಕೋರ್ಟು ತಮಿಳುನಾಡಿನ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟದ ವಿರುದ್ಧ ತೀರ್ಪು ಕೊಟ್ಟಿತು. ಪ್ರಾಣಿಗಳಿಗೂ ಘನತೆ ಇದೆ, ಮನರಂಜನೆಗಾಗಿ ಅವನ್ನು ಹಿಂಸಿಸುವಂತಿಲ್ಲ ಅನ್ನೋದು ಆ ತೀರ್ಪಿನ ತಿರುಳು. ಅದರ ಬಿಸಿ ಕಂಬಳಕ್ಕೂ ತಟ್ಟಿತು. ಒಮ್ಮೆ ತಡೆ, ಒಮ್ಮೆ ಷರತ್ತಿನ ಅನುಮತಿ. ಕಡೆಗೆ 2016ರ ನವೆಂಬರಿನಲ್ಲಿ ರಾಜ್ಯ ಹೈಕೋರ್ಟಿನ ಮಧ್ಯಂತರ ಆದೇಶ ಬಂದು ಕಂಬಳ ನಿಂತಿತು. ನವೆಂಬರ್ ಅಂದರೆ ಕಂಬಳದ ಋತು ಶುರುವಾಗೋ ತಿಂಗಳು. ವರ್ಷವಿಡೀ ಹುರುಳಿ ತಿನ್ನಿಸಿ, ಎಣ್ಣೆ ತಿಕ್ಕಿ ಸಾಕಿದ ಕೋಣಗಳು ಹಟ್ಟಿಯಲ್ಲೇ ಉಳಿದವು.

2017ರ ಜನವರಿಯಲ್ಲಿ ಚೆನ್ನೈನ ಮರೀನಾ ಬೀಚಿನಲ್ಲಿ ಜಲ್ಲಿಕಟ್ಟಿಗಾಗಿ ಜನಸಾಗರ ಸೇರಿತು. ಅದೇ ತಿಂಗಳು ಮಂಗಳೂರಿನಲ್ಲಿ ಮಾನವ ಸರಪಳಿ, ಮೂಡುಬಿದಿರೆಯಲ್ಲಿ ಕೋಣಗಳ ಸಮೇತ ಪ್ರತಿಭಟನೆ. ಫೆಬ್ರವರಿ 13ರಂದು ವಿಧಾನಸಭೆ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ಮಸೂದೆ ಪಾಸು ಮಾಡಿತು. ಕೇಂದ್ರದಿಂದ ಆಕ್ಷೇಪ, ನಡುವೆ ಸುಗ್ರೀವಾಜ್ಞೆ, ಮತ್ತೆ ಪರಿಷ್ಕೃತ ಮಸೂದೆ. ರಾಷ್ಟ್ರಪತಿ ಅಂಕಿತ ಬಿದ್ದಿದ್ದು 2018ರಲ್ಲಿ. ಅದನ್ನೂ ಪ್ರಶ್ನಿಸಿ ಪ್ರಾಣಿದಯಾ ಸಂಸ್ಥೆಗಳು ಸುಪ್ರೀಂ ಕೋರ್ಟಿಗೆ ಹೋದವು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಮೂರೂ ರಾಜ್ಯಗಳ ಕಾಯ್ದೆ ಊರ್ಜಿತ ಅಂದಿತು. ಮೊದಲ ತೀರ್ಪಿನಿಂದ ಲೆಕ್ಕ ಹಾಕಿ, ಒಂಬತ್ತು ವರ್ಷ ಹನ್ನೊಂದು ದಿನ. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕರೆ ತೋಡಿ ಕಂಬಳ ಮಾಡಿದರು. ಅದಕ್ಕೆ ಹಿಂದಿನ ವರ್ಷ 'ಕಾಂತಾರ' ಬಂದಿತ್ತು, ರಾಜಧಾನಿಯ ಜನಕ್ಕೂ ಕೆಸರು ನೋಡೋ ಆಸೆ ಹುಟ್ಟಿತ್ತು.

ಗೆದ್ದೆವು ಅಂತ ಪಟಾಕಿ ಹೊಡೆದವರಿಗೆ ಒಂದು ಮಾತು. ಕೋರ್ಟು ಕಂಬಳಕ್ಕೆ ಕೊಟ್ಟಿದ್ದು ಚಿನ್ನದ ಪದಕ ಅಲ್ಲ, ಷರತ್ತಿನ ಲೈಸೆನ್ಸು. ಪ್ರಾಣಿಯ ನೋವನ್ನು ಕಡಿಮೆ ಮಾಡುವ ಕಾಯ್ದೆ ಮತ್ತು ನಿಯಮ ನೀವು ಮಾಡಿಕೊಂಡಿದ್ದೀರಿ, ಅವನ್ನು ಕಟ್ಟುನಿಟ್ಟಾಗಿ ಪಾಲಿಸಿ ಅಂತ ಪೀಠ ಹೇಳಿತು. ಜಿಲ್ಲಾಡಳಿತದ ಮೇಲೂ ಆ ಜವಾಬ್ದಾರಿ ಹಾಕಿತು. ಕೋಣದ ಬೆನ್ನ ಮೇಲೆ ಬಾಸುಂಡೆ ಬಂದರೆ ಆ ಗೆಲುವು ಮತ್ತೆ ಕೋರ್ಟಿನ ಮೆಟ್ಟಿಲ ಮೇಲೆ ಬೀಳುತ್ತೆ.

ಕೋಣವನ್ನು ನಾವು ಮಕ್ಕಳ ಹಾಗೆ ಸಾಕುತ್ತೇವೆ ಅಂತ ಯಜಮಾನರು ಹೇಳ್ತಾರೆ. ಸುಳ್ಳಲ್ಲ. ಕೋಣಕ್ಕೆ ಮಾಡೋ ಆರೈಕೆ ನೋಡಿದರೆ ಹೊಟ್ಟೆಕಿಚ್ಚಾಗಬೇಕು. ಆದರೆ ಮಕ್ಕಳ ಹಾಗೆ ಸಾಕಿದ್ದನ್ನು ಗಂತಿಗೆ ತಂದು ಬೆತ್ತದಲ್ಲಿ ಬಾರಿಸಿದರೆ ಆ ಪ್ರೀತಿಗೆ ಏನರ್ಥ? ಸಂಜೆಯಿಂದ ಕಾಯಿಸಿ, ರಾತ್ರಿಯೆಲ್ಲ ನಿಲ್ಲಿಸಿ, ಮರುದಿನ ಮಧ್ಯಾಹ್ನದ ಬಿಸಿಲಿಗೆ ಫೈನಲ್ ಓಡಿಸೋದು ಯಾವ ಸಂಪ್ರದಾಯ? ಪೂಕರೆ ಕಂಬಳಕ್ಕೆ ಫ್ಲಡ್‌ಲೈಟ್ ಇರಲಿಲ್ಲವಲ್ಲ! ಲೇಸರ್ ಹಿಡಿದು ಸೆಕೆಂಡಿನ ನೂರನೇ ಭಾಗ ಅಳೆಯೋರಿಗೆ ಇಪ್ಪತ್ನಾಲ್ಕು ಗಂಟೆಯೊಳಗೆ ಕೂಟ ಮುಗಿಸೋದು ಕಷ್ಟವಾಗಬಾರದು. ಬೆತ್ತವಿಲ್ಲದೆ ಓಡಿದ ಜೋಡಿಗೆ ಒಂದು ಪವನು ಹೆಚ್ಚು ಅಂತ ಒಂದು ಸಮಿತಿ ಘೋಷಿಸಲಿ. ಎರಡು ವರ್ಷದಲ್ಲಿ ಉಳಿದವರೂ ಅದನ್ನೇ ಮಾಡ್ತಾರೆ.

ಇದೇನು ಆಗದ ಕೆಲಸವಲ್ಲ. ಒಂಟಿ ಕರೆ ಜೋಡುಕರೆ ಆಯಿತು. ಗುತ್ತಿನ ಗದ್ದೆ ಸಮಿತಿಯ ಕರೆಯಾಯಿತು. ಕೊರಗರನ್ನು ಕೆಸರಿಗಿಳಿಸಿ ಓಡಿಸುತ್ತಿದ್ದ ಪದ್ಧತಿಗೆ ಕಾನೂನಿನ ತಡೆ ಬಿತ್ತು. ಪ್ರತಿ ಸಲವೂ ಕಂಬಳ ಬದಲಾಯಿತು, ಪ್ರತಿ ಸಲವೂ ಉಳಿಯಿತು. ಬದಲಾಗಿದ್ದಕ್ಕೇ ಉಳಿಯಿತು ಅಂತ ಇತಿಹಾಸ ಹೇಳುತ್ತಿದೆ, ನಾನಲ್ಲ.

ಮುಂದಿನ ನವೆಂಬರಿಂದ ಮಾರ್ಚ್ ಒಳಗೆ ಒಂದು ಶನಿವಾರ ಬಿಡುವು ಮಾಡಿಕೊಂಡು ಹೋಗಿಬನ್ನಿ. ಮೂಡುಬಿದಿರೆಗೆ ಹೋಗಿ, ವೇಣೂರಿಗೆ ಹೋಗಿ, ಕಕ್ಯಪದವಿಗೆ ಹೋಗಿ. ಮೊಬೈಲಿನ ಸ್ಟಾಪ್‌ವಾಚ್ ಜೇಬಲ್ಲೇ ಇರಲಿ. ಮಂಜೊಟ್ಟಿಯ ಹತ್ತಿರ ನಿಂತು, ಮೊದಲು ಕೋಣದ ಬೆನ್ನು ನೋಡಿ, ಆಮೇಲೆ ನಿಶಾನೆ ನೋಡಿ. ಬೆನ್ನ ಮೇಲೆ ಗಾಯವಿಲ್ಲದೆ ನಿಶಾನೆ ಒದ್ದೆಯಾದರೆ, ಜೋರಾಗಿ ಕೇಕೆ ಹಾಕಿ. ನನ್ನದೂ ಒಂದು ಸೇರಿಸಿ.